ಊದಕ್ಕ ಕೊಡುವ ನೀರು

ಲವಂಗದ ವಾಸನೆ ಬಂದರೆ ಬೇರೆಯವರಿಗೆ ಅಡುಗೆಮನೆ ನೆನಪಾಗುತ್ತದೆ. ಊದಕ್ಕನಿಗೆ ನೆನಪಾಗುವುದು ಅಪ್ಪನ ಅಂಗಿಯ ಜೇಬು. ಲಾರಿ ಓಡಿಸುತ್ತಿದ್ದ ಅಪ್ಪ ಮನೆಯೊಳಗೆ ಕಾಲಿಡುವ ಮುಂಚೆ ಜೇಬಿನಿಂದ ಲವಂಗ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಲವಂಗ ಘಮ್ಮೆಂದ ದಿನ ಅಪ್ಪ ಕುಡಿದಿದ್ದಾನೆ ಎಂಬುದು ಪುಟ್ಟ ಮಗಳಿಗೂ ಗೊತ್ತಿತ್ತು.

ಈಗ ಬೆಳಕು ಹರಿಯುವ ಹೊತ್ತು. ಬಸ್ ಡಿಪೋದ ಗೇಟಿನ ಪಕ್ಕದ ಚಿಕ್ಕ ಕೋಣೆಯಲ್ಲಿ ಊದಕ್ಕ ಮೇಜು ಒರೆಸಿ, ಕುಡಿದಿರುವುದನ್ನು ಉಸಿರಿನಲ್ಲೇ ಪತ್ತೆಹಚ್ಚುವ ಅಂಗೈಯಗಲದ ಯಂತ್ರಕ್ಕೆ ಹೊಸ ನಳಿಕೆ ಸಿಕ್ಕಿಸುತ್ತಾರೆ. ಕಿಟಕಿಯಾಚೆ, ದಿನಾ "ಊದಿ" ಎನ್ನಿಸಿಕೊಂಡು ಅವರಿಗೆ ಊದಕ್ಕ ಎಂದು ಹೆಸರಿಟ್ಟ ಚಾಲಕರ ಸಾಲು. ಊದಿದಾಗ ಹಸಿರು ದೀಪ ಹತ್ತಿದರೆ ಮಾತ್ರ ಬಸ್ಸಿನ ಕೀಲಿ ಕೈಗೆ ಬರುತ್ತದೆ.

"ಊದಿ ಅಣ್ಣ. ಇನ್ನೂ, ಇನ್ನೂ... ಹಾಂ, ಸಾಕು. ಹೋಗ್ಬನ್ನಿ."

"ಮನೇಲಿ ಒಲೆ ಊದೋಕೂ ಇಷ್ಟು ಉಸಿರು ಖರ್ಚು ಮಾಡಿಲ್ಲ ಅಕ್ಕ!"

"ಅದಕ್ಕೇ ಅತ್ತಿಗೆ ಬೈಯೋದು."

ಸಾಲಿಗೆ ಸಾಲೇ ನಗುತ್ತದೆ.

ಯಂತ್ರದ ಸದ್ದನ್ನು ಊದಕ್ಕ ಅಡಗಿಸಿಟ್ಟಿದ್ದಾರೆ. ಕೆಂಪು ದೀಪ ಹತ್ತಿದರೆ ಹಿಂದಿನವರಿಗೆ ಕಾಣದಂತೆ ಅಂಗೈ ಅಡ್ಡ ಹಿಡಿಯುತ್ತಾರೆ. "ಕುಡಿದಿದ್ದೀರಿ" ಎಂದು ಯಾರಿಗೂ ಹೇಳಿದವರಲ್ಲ. ಲೋಟ ಮುಂದೆ ಸರಿಸಿ, "ಸ್ವಲ್ಪ ನೀರು ಕುಡೀರಿ" ಎನ್ನುತ್ತಾರೆ, ಅಷ್ಟೆ. ಬಾಯಿ ಮುಕ್ಕಳಿಸಿ, ಕಾಲು ಗಂಟೆ ಕೂತು, ಮತ್ತೆ ಊದಬೇಕು, ಅದು ನಿಯಮ. ಆಗಲೂ ಕೆಂಪಾದರೆ ಕೀಲಿ ಇಲ್ಲ. ಈ ಮರ್ಯಾದೆಯ ಮಾತಿನ ಗುಟ್ಟು ಡಿಪೋಗೆಲ್ಲ ಗೊತ್ತಾಗಿ, ಬೆಳಗಿನ ಹೊತ್ತು ಯಾರೂ ಎಲ್ಲರೆದುರು ನೀರು ಕುಡಿಯುವುದಿಲ್ಲ. ಬಾಯಾರಿದವರು ಬಸ್ಸಿನ ಮರೆಗೆ ಹೋಗಿ ಬಾಟಲಿ ಎತ್ತುತ್ತಾರೆ!

ಮೂರು ತಿಂಗಳ ಹಿಂದೆ ಊದಕ್ಕ ಆ ಲೋಟವನ್ನು ಸರಿಸಿದ್ದು ಇದೇ ಡಿಪೋದಲ್ಲಿ ಚಾಲಕನಾಗಿರುವ ಸ್ವಂತ ತಮ್ಮನ ಮುಂದೆ. ಹಿಂದಿನ ರಾತ್ರಿ ಗೆಳೆಯನ ಮನೆಯಲ್ಲಿ ತಡವಾಗುವವರೆಗೂ ಕೂತಿದ್ದವನು ಅವನು. "ಮಲಗಿ ಎದ್ದಿದೀನಿ, ತಲೆಗೆ ಸ್ನಾನ ಮಾಡಿದೀನಿ, ಇನ್ನೇನಕ್ಕ?" ಎಂದು ವಾದಿಸಿದ.

"ಸ್ನಾನ ಮಾಡಿದ್ದು ಮೈಗೆ ಕಣೋ, ರಕ್ತಕ್ಕಲ್ಲ."

ಎರಡನೆಯ ಸಲವೂ ಕೆಂಪು. ಕೀಲಿ ಕೈತಪ್ಪಿತು. ಸ್ಟೀರಿಂಗ್ ಹಿಡಿಯುತ್ತಿದ್ದವನು ಬಸ್ ತೊಳೆಯುವ ಕೆಲಸಕ್ಕೆ ಇಳಿದ. ಅಂದಿನಿಂದ ಅಕ್ಕನ ಜೊತೆ ಮಾತು ಬಿಟ್ಟ.

"ಒಡಹುಟ್ಟಿದವಳು, ಒಂದು ಸಲ ಕಣ್ಣು ಮುಚ್ಚಿದ್ರೆ ಏನಾಗ್ತಿತ್ತು ಅಂತ ನೆಂಟರೂ ಕೇಳಿದ್ರು," ಎನ್ನುತ್ತಾರೆ ಊದಕ್ಕ. "ಇಲ್ಲಿ ತಪ್ಪಿದ್ರೆ ಬಸ್ ತೊಳೀತಾನೆ. ರಸ್ತೇಲಿ ಪೊಲೀಸರ ಕೈಗೆ ಸಿಕ್ಕಿದ್ರೆ ದಂಡ, ಕೋರ್ಟು, ಲೈಸೆನ್ಸೂ ಹೋಗತ್ತೆ. ಯಾರಿಗಾದ್ರೂ ಗುದ್ದಿದ್ರೆ? ನಮ್ಮಪ್ಪ ಗುದ್ದಿದ್ದು ಪೇಪರ್ ಹಾಕೋ ಸೈಕಲ್ಲಿನವರಿಗೆ. ಇಂಥದ್ದೇ ಬೆಳಗ್ಗೆ. ಅಪ್ಪ ಜೈಲಿಗೆ ಹೋಗಿ ವಾಪಸ್ ಬಂದ. ಆ ಮನುಷ್ಯನ ಕಾಲು ವಾಪಸ್ ಬರಲಿಲ್ಲ. ತಮ್ಮನಿಗೆ ಅದೆಲ್ಲ ನೆನಪಿಲ್ಲ, ತೊಟ್ಟಿಲಲ್ಲಿದ್ದ."

ಬಸ್ ತೊಳೆಯುವ ಶಿಕ್ಷೆ ಮುಗಿದು, ಇಂದು ಆ ತಮ್ಮ ಮತ್ತೆ ಸಾಲಿನಲ್ಲಿದ್ದಾನೆ. ಇಸ್ತ್ರಿಯ ಅಂಗಿ, ನುಣ್ಣಗೆ ಬಾಚಿದ ತಲೆ. ಈ ಸಲವೂ ತಪ್ಪಿದರೆ ಕೆಲಸವೇ ಹೋಗುತ್ತದೆ. ಅಕ್ಕನ ಮುಖ ನೋಡದೆ ಊದುತ್ತಾನೆ.

ಕೆಂಪು.

ಊದಕ್ಕನ ಅಂಗೈ ತಾನಾಗಿಯೇ ಅಡ್ಡ ಬರುತ್ತದೆ. ಲೋಟ ಮುಂದೆ ಸರಿಸುತ್ತಾರೆ. "ಸ್ವಲ್ಪ ನೀರು ಕುಡಿ."

"ಅಕ್ಕ, ದೇವರಾಣೆ, ಮುಟ್ಟಿಲ್ಲ! ನಿನ್ನ ಮುಂದೆ ಬಾಯಿ ವಾಸನೆ ಬರಬಾರದು ಅಂತ ಈಗ್ತಾನೆ ಅಂಗಡಿಯ ಮೌತ್‌ವಾಶ್ ಹಾಕಿ ಮುಕ್ಕಳಿಸಿದೆ, ಅಷ್ಟೆ!"

"ಪೆದ್ದೇ, ಅದರಲ್ಲೂ ಸ್ಪಿರಿಟ್ ಇರತ್ತೆ ಕಣೋ! ಚೆನ್ನಾಗಿ ಮುಕ್ಕಳಿಸಿ ಕೂತ್ಕೋ."

ಬೈದ ಮಾತೇ ಆದರೂ, ಮೂರು ತಿಂಗಳ ಮೇಲೆ ಆಡಿದ ಮಾತು. ಹಿಂದಿದ್ದ ಹಿರಿಯ ಚಾಲಕರೊಬ್ಬರು ಗಡಿಯಾರ ನೋಡಿ, ಚೀಲದಿಂದ ಬಾಟಲಿ ತೆಗೆದು ಎಲ್ಲರೆದುರೇ ಗಟಗಟನೆ ನೀರು ಕುಡಿಯುತ್ತಾರೆ. ಅವರ ಹಿಂದಿನವರೂ ಕುಡಿಯುತ್ತಾರೆ. ಯಾರು ಯಾಕೆ ಕುಡಿಯುತ್ತಿದ್ದಾರೆ ಎಂದು ಇನ್ನು ಯಾರೂ ಹೇಳಲಾರರು.

ಕಾಲು ಗಂಟೆಯ ನಂತರ ತಮ್ಮ ಮತ್ತೆ ಊದುತ್ತಾನೆ. ಹಸಿರು. ಊದಕ್ಕ ಕೀಲಿ ಕೊಟ್ಟು, "ನಿಧಾನಕ್ಕೆ ಹೋಗು" ಎಂದಷ್ಟೇ ಹೇಳಿ ಮುಂದಿನವರಿಗೆ ನಳಿಕೆ ಬದಲಿಸುತ್ತಾರೆ.

ಆಸೆ ಏನೆಂದು ಕೇಳಿದರೆ ನಗುತ್ತಾರೆ. "ಈ ಕೋಣೆಗೆ ಕೆಲಸ ಇಲ್ಲ ಅಂತ ಬೀಗ ಹಾಕೋ ಹಾಗಾಗಲಿ. ನಂಗೆ ಬೇರೆ ಕಡೆ ಕುರ್ಚಿ ಕೊಡ್ತಾರೆ ಬಿಡಿ."

ಬಿಸಿಲೇರಿದ ಮೇಲೆ, ಮೊದಲ ಸುತ್ತು ಮುಗಿಸಿದ ಬಸ್ಸೊಂದು ಗೇಟಿನ ಬಳಿ ನಿಲ್ಲುತ್ತದೆ. ತಮ್ಮ ಇಳಿದು ಬಂದು, ಇನ್ನೂ ಬೆಚ್ಚಗಿರುವ ಊಟದ ಡಬ್ಬಿಯನ್ನು ಮೇಜಿನ ಮೇಲೆ ಇಡುತ್ತಾನೆ. ಪಕ್ಕದಲ್ಲೊಂದು ಬಾಟಲಿ.

"ಊಟ ಮಾಡಕ್ಕ," ಎನ್ನುತ್ತಾನೆ. "ಸ್ವಲ್ಪ ನೀರೂ ಕುಡಿ."