ಸುಣ್ಣದ ಗೆರೆ ದಾಟಿದ ದಿನ

ಶರಣು, ಸಾನ್ವಿ, ಮೊನ್ನೆ ನೀವಿಬ್ಬರೂ ಕೇಳಿದಿರಿ: "ಆಯಿ, ನೀಲಕ್ಕನ ಆಟ ಮೊಬೈಲಿನಾಗ ಹಚ್ಚಿದ್ರ ನೀ ಯಾಕ ಒಳಗ ಎದ್ದ ಹೋಗ್ತಿ?" ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿದೆ. ಬಾಯಿಂದ ಹೇಳಲಾಗದ್ದನ್ನು ಬರೆದು ಕೊಡುತ್ತಿದ್ದೇನೆ. ಏಳನೆಯ ಇಯತ್ತೆ ಕಲಿತವಳ ಬರಹ, ತಪ್ಪಿದ್ದರೆ ತಿದ್ದಿಕೊಳ್ಳಿ.

ಆಗಿನ ದಿನಗಳಲ್ಲಿ ಶರಣು ಇನ್ನೂ ಎರಡು ವರ್ಷದವನು, ಸಾನ್ವಿ ಹುಟ್ಟಿರಲಿಲ್ಲ. ನಿಮ್ಮ ದೊಡ್ಡಪ್ಪನ ಮಗಳು, ನನ್ನ ಹಿರಿಯ ಮೊಮ್ಮಗಳು ನೀಲಾಳಿಗೆ ಹದಿಮೂರು. ನಮ್ಮ ಇಜೇರಿಯಲ್ಲಿ ತೊಗರಿ ರಾಶಿ ಮುಗಿದು ಕಣ ಖಾಲಿಯಾಯಿತೆಂದರೆ ಅದು ಹುಡುಗಿಯರ ಮೈದಾನ. ಹೊಲದಲ್ಲಿ ಕರಿಮಣ್ಣು ಬಿರುಕು ಬಿಟ್ಟು ಕೂಳೆ ಕಾಲಿಗೆ ಚುಚ್ಚುತ್ತದೆ. ಕಣವಾದರೆ ಸಗಣಿ ಸಾರಿಸಿದ ಗಟ್ಟಿ ನೆಲ. ಎರಡೂ ತುದಿಗೆ ತೊಗರಿ ಕಟ್ಟಿಗೆ ನೆಟ್ಟರೆ ಗೋಲು ತಯಾರು. ಸಂಜೆ ನೀಲಾ ಮನೆಗೆ ಬಂದರೆ ಮೈಯೆಲ್ಲ ಹೊಟ್ಟಿನ ವಾಸನೆ. ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ, ಎಣ್ಣೆ ಹಾಕಿ ಕೊಟ್ಟರೆ ನಿಂತೇ ತಿನ್ನುತ್ತ, ಅವತ್ತಿನ ಆಟವನ್ನೆಲ್ಲ ನನಗೆ ಒಪ್ಪಿಸುತ್ತಿದ್ದಳು.

ಫುಟ್‌ಬಾಲ್ ಆಟ ಕಲಿಸಿದವರು ಶಾಲೆಯ ಮಹಬೂಬ್ ಸರ್, ಅಫಜಲಪುರದ ಕಡೆಯವರು. ಅವರು ನೀಲಾಳನ್ನು ನಡುಮೈದಾನದಲ್ಲಿ ನಿಲ್ಲಿಸುತ್ತಿದ್ದರು. ಹಿಂದಿನಿಂದ ಬಂದ ಚೆಂಡನ್ನು ಹಿಡಿದು ಮುಂದಿನವರಿಗೆ ದಾಟಿಸುವುದು ಅವಳ ಕೆಲಸ. ನನಗೆ ಅದು ಕೆಲಸವೆಂದೇ ಅನಿಸುತ್ತಿರಲಿಲ್ಲ.

"ಏನ್ ಬೇ, ದಿನಾ ಮಂದಿಗಿ ಚೆಂಡ ಕೊಡೂದೇ ಆತು. ನೀ ಯಾವಾಗ ಗೋಲ್ ಹೊಡೀತಿ?"

"ಆಯಿ, ನಾ ಪಂಕ್ತ್ಯಾಗ ಬಡಸಾಕಿ ಇದ್ದಂಗ. ಬಡಸಾಕಿ ಸುಮ್ನ ಕುಂತಳಂದ್ರ ಉಣ್ಣೋರೆಲ್ಲಾ ಉಪಾಸ!"

ಒಂದು ದಿನ ಮಹಬೂಬ್ ಸರ್ ಬಾಗಿಲಿಗೆ ಬಂದರು. "ಆಯಿ, ದೊಡ್ಡ ಕ್ಲಬ್ಬಿನೋರು ಕಲಬುರಗಿಗಿ ಬರಾಕತ್ತಾರ್ರಿ. ಹುಡುಗ್ಯಾರನ್ನ ಆರಿಸಿ ಒಯ್ತಾರ. ಇರೂದು, ಉಣ್ಣೂದು, ಸಾಲಿ, ಎಲ್ಲಾ ಅವರೇ ನೋಡ್ಕೋತಾರ. ನಮ್ಮ ನೀಲಾ ಪಕ್ಕಾ ಅದಾಳ. ಮನಿಯೋರು ಯಾರರ ಒಬ್ರು ಬರ್ರಿ. ಬಂದು ಸುಮ್ನ ಕುಂದರ್ರಿ, ಅಷ್ಟ ಸಾಕು."

ನಿಮ್ಮ ದೊಡ್ಡವ್ವನಿಗೆ, ಅಂದರೆ ನೀಲಾಳ ಅವ್ವನಿಗೆ, ಹೊಲದ ಕೆಲಸವಿತ್ತು. ಸುಮ್ಮನೆ ಕೂಡುವುದು ನನಗೆ ಬರುತ್ತಿತ್ತು, ಹಾಗಾಗಿ ನಾನೇ ಹೋದೆ.

ಮೈದಾನದ ಸುತ್ತ ಸುಣ್ಣದ ಗೆರೆ ಎಳೆದಿದ್ದರು. ಆಟಕ್ಕೆ ಮೊದಲು ಸೀಟಿ ಹಿಡಿದಿದ್ದ ಮೇಡಂ ಹುಡುಗಿಯರ ಕಿವಿ, ಕೈ, ಕೊರಳು ನೋಡುತ್ತ ಬಂದರು. ನೀಲಾಳ ಹತ್ತಿರ ನಿಂತು, "ಕೊರಳಾಗಿಂದು ತೆಗಿಬೇಕವಾ, ಯಾರಿಗರ ಬಡೀತದ" ಎಂದರು. ಅದು ನಿಮ್ಮ ಕೊರಳಲ್ಲಿರುವಂಥದೇ ಇಷ್ಟಲಿಂಗ. ಮಠದ ಅಯ್ಯನವರು ಕಟ್ಟಿದ್ದು. ಮೈಬಿಟ್ಟು ಅಗಲಬಾರದೆಂದು ನಾನೇ ಹೇಳಿ ಬೆಳೆಸಿದ್ದೆ.

ನೀಲಾ ನನ್ನ ಹತ್ತಿರ ಓಡಿ ಬಂದಳು. ಲಿಂಗವನ್ನು ಬಿಚ್ಚಿ ಕಣ್ಣಿಗೊತ್ತಿಕೊಂಡು, ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ಕೈಬಿಡಬ್ಯಾಡ ಆಯಿ. ನಿನ್ನ ಕೈಯಾಗ ಇದ್ರ ನನ್ನ ಮೈಮ್ಯಾಲ ಇದ್ದಂಗೇ."

ಆಟ ಶುರುವಾಯಿತು. ಬಡಿಸುವುದೆಂದರೆ ಏನೆಂದು ಅವತ್ತು ನನಗೆ ತಿಳಿಯಿತು. ಮುಂದಿದ್ದ ಎತ್ತರದ ಹುಡುಗಿ ಕೈ ಎತ್ತುವ ಮೊದಲೇ ಚೆಂಡು ಅವಳ ಕಾಲ ಬಳಿ ಇರುತ್ತಿತ್ತು. ಕ್ಲಬ್ಬಿನವರಲ್ಲಿ ಒಬ್ಬರು ಪಕ್ಕದವರಿಗೆ ನೀಲಾಳತ್ತ ಬೆರಳು ತೋರಿಸಿದ್ದನ್ನು ಕಂಡೆ.

ಆಗ ಹಿಂದಿನಿಂದ ಒಂದು ದನಿ. ನಿಮ್ಮ ಸೋದರತ್ತೆಯನ್ನು ಕೊಟ್ಟ ಆಳಂದದ ಮನೆಯ ಬೀಗತಿ. ಅವರ ಮೊಮ್ಮಗಳೂ ಆಡಲು ಬಂದಿದ್ದಳು. "ಬೀಗತಿ, ಕೈಯಾಗ ಏನ್ರಿ ಅದು? ಅಯ್ಯಯ್ಯ, ಹುಡುಗಿ ಲಿಂಗ ಬಿಚ್ಚಿಸಿ ಕುಣಸಾಕತ್ತೀರೇನು? ಭಾಳ ಆಚಾರದ ಮನಿ ಅಂತಿದ್ರಲ್ರಿ ನಿಮ್ದು!" ಪಕ್ಕದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

ನಾಲ್ಕು ಜನರ ನಡುವೆ ನಾನು ದನಿ ಎತ್ತಿದ್ದು ಜೀವಮಾನದಲ್ಲಿ ಅದೊಂದೇ ಸಲ. ಎದ್ದೆ, ಸುಣ್ಣದ ಗೆರೆ ದಾಟಿದೆ, ಚೆಂಡು ಕಾಲಲ್ಲಿದ್ದ ನೀಲಾಳ ರಟ್ಟೆ ಹಿಡಿದೆ.

"ಹಾಕ್ಕೋ ಬೇ! ಚೆಂಡಿನ ಸಲುವಾಗಿ ಲಿಂಗ ಬಿಡ್ತಿ? ಮತ್ತ ತೆಗದಿ ಅಂದ್ರ ನನ್ನ ಆಣಿ ಅದ!"

ನಾನೇ ಅವಳ ಕೊರಳಿಗೆ ಹಾಕಿದೆ. ಮೇಡಂ ಸೀಟಿ ಊದಿದರು. ಸುತ್ತಲೂ ನಗೆ. ಮಹಬೂಬ್ ಸರ್ ಕೈಮುಗಿಯುತ್ತ ಓಡಿ ಬಂದು, "ಆಯಿ, ಹತ್ತ ನಿಮಿಷ ಉಳದದ್ರಿ, ಬರೇ ಹತ್ತ ನಿಮಿಷ" ಎಂದರು. ತೆಗೆಯದಿದ್ದರೆ ಆಡುವಂತಿಲ್ಲ ಎಂದರು ಮೇಡಂ. ನೀಲಾ ನನ್ನ ಮುಖ ನೋಡಿದಳು. ಆಮೇಲೆ ನನ್ನ ಕೊರಳು ನೋಡಿದಳು. ಗೆರೆ ದಾಟಿ ಹೊರಗೆ ನಡೆದಳು.

ಕ್ಲಬ್ಬಿನವರು ಏನಾಯಿತೆಂದು ಕೇಳಿದಾಗ ಅವಳೆಂದಳು: "ಕಾಲ ಉಳಕ್ಯಾದ್ರಿ ಸರ್. ನಮ್ಮ ಆಯಿ ಅದನ್ನ ನೋಡಿ ಅಂಜಿ ಓಡಿ ಬಂದಾಳ್ರಿ."

ನನ್ನ ಮಾನ ಉಳಿಸಲು ಆಡಿದ ಆ ಸುಳ್ಳಿಗಾಗಿ ಅವಳು ಜೊತೆಯ ಹುಡುಗಿಯರ ಮುಂದೆ ದಾರಿಯುದ್ದಕ್ಕೂ ಕುಂಟಿದಳು. ಬಸ್ಸು ಹತ್ತುವಾಗ ಎಡಗಾಲು ಕುಂಟುತ್ತಿತ್ತು, ಊರ ಬಸ್ಸಿಗಾಗಿ ಜೇವರ್ಗಿಯಲ್ಲಿ ಇಳಿಯುವಾಗ ಬಲಗಾಲು. ನಾನು ನೋಡದವಳಂತೆ ಮುಖ ತಿರುಗಿಸಿದೆ. ಆ ವರ್ಷ ಆರಿಸಿದವರಲ್ಲಿ ಅವಳ ಹೆಸರಿರಲಿಲ್ಲ.

ಇನ್ನು ಯಾರಿಗೂ ಹೇಳದ ಮಾತು. ಅವತ್ತು ನನ್ನ ಕೊರಳೇ ಖಾಲಿ ಇತ್ತು. ನನ್ನ ಲಿಂಗವಿಡುವ ಕರಡಿಗೆ ಬೆಳ್ಳಿಯದು. ಬಸ್ಸಿನ ಗದ್ದಲದಲ್ಲಿ ಯಾರಾದರೂ ಕಿತ್ತುಕೊಂಡಾರೆಂದು ಹೆದರಿ, ಬೆಳಿಗ್ಗೆ ದೇವರ ಜಗಲಿಯ ಮೇಲೆ ಇಟ್ಟು ಬಂದಿದ್ದೆ. ಜಡೆ ಹಾಕಿಕೊಳ್ಳುತ್ತ ನಿಂತಿದ್ದ ನೀಲಾ ಅದನ್ನು ನೋಡಿದ್ದಳು. ಮೈದಾನದಲ್ಲಿ ಆ ಒಂದು ಮಾತು ಆಡಿದ್ದರೆ ನನ್ನ ಬಾಯಿ ಕಟ್ಟುತ್ತಿತ್ತು, ಅವಳ ಆಟ ಉಳಿಯುತ್ತಿತ್ತು. ಆಡಲಿಲ್ಲ. ಊರಲ್ಲಿ ಕೆಲವರು ನನ್ನ ಭಕ್ತಿಯನ್ನು ಹೊಗಳಿದರು. ನನ್ನನ್ನು ಎಬ್ಬಿಸಿದ್ದು ಭಕ್ತಿಯಲ್ಲ, ಬೀಗತಿಯ ನಗೆ.

ಮರುವಾರ ಅಯ್ಯನವರು ಮನೆಗೆ ಬಂದಾಗ ಸುದ್ದಿ ಕೇಳಿ, "ಕೂಸು ನಂಬಿ ನಿನ್ನ ಕೈಯಾಗ ಇಟ್ಟಿತ್ತಲ್ಲವಾ" ಎಂದಷ್ಟೇ ಹೇಳಿ ಹಾಲು ಕುಡಿದು ಎದ್ದು ಹೋದರು. ನನ್ನ ಖಾಲಿ ಕೊರಳಿನ ಮಾತು ಅವರಿಗೂ ಹೇಳಲಿಲ್ಲ.

ಮೂರು ವರ್ಷದ ಮೇಲೆ ಮಹಬೂಬ್ ಸರ್ ಅವಳನ್ನು ಮತ್ತೆ ಆಯ್ಕೆಗೆ ಕರೆದುಕೊಂಡು ಹೋದರು. ಆ ಸಲ ನೀಲಾ ಜೊತೆಗೆ ತನ್ನ ಅವ್ವನನ್ನು ಕರೆದಳು. ಆಯ್ಕೆಯಾದಳು. ಈ ವರ್ಷ ಕ್ಲಬ್ಬಿನ ದೊಡ್ಡವರ ತಂಡದಲ್ಲಿ ನಡುವಿನಲ್ಲಿ ನಿಂತು ಆಡುತ್ತಿದ್ದಾಳೆ, ನಿಮಗೆ ಗೊತ್ತೇ ಇದೆ. ಊರಿಗೆ ಬಂದರೆ ನನಗೆ ಸೀರೆ ತರುತ್ತಾಳೆ, ಕಾಲು ಒತ್ತುತ್ತಾಳೆ, ತಲೆಗೆ ಎಣ್ಣೆ ಹಚ್ಚುತ್ತಾಳೆ. ಆಟದ ಸುದ್ದಿ ಮಾತ್ರ ಅಡುಗೆಮನೆಯಲ್ಲಿ ಅವ್ವನ ಮುಂದೆ. ನಾನು ಒಳಗೆ ಹೋದರೆ ಇಬ್ಬರೂ ಪಲ್ಯದ ಮಾತು ತೆಗೆಯುತ್ತಾರೆ. ಅವಳಿಗೆ ಸಿಟ್ಟಿಲ್ಲ. ಸಿಟ್ಟಿದ್ದರೆ ಒಂದು ದಿನ ಇಳಿಯುತ್ತಿತ್ತು. ನನ್ನ ಕೈಯಲ್ಲಿ ಇನ್ನು ಏನನ್ನೂ ಇಡಬಾರದೆಂದು ಅವಳು ತಿಳಿದುಕೊಂಡಳು, ಅಷ್ಟೇ.

ಮಕ್ಕಳೇ, ಈ ಹಾಳೆಗಳನ್ನು ಹರಿದು ದೋಣಿ ಮಾಡಬೇಡಿ, ಪುಸ್ತಕದ ನಡುವೆ ಜೋಪಾನವಾಗಿಡಿ. ನೀಲಕ್ಕ ಬಂದಾಗ ಅವಳಿಗೆ ಕೊಡಿ. ನಾನು ಹೋದ ಮೇಲೆ ಕೊಟ್ಟರೆ ಸುಮ್ಮನೆ ಕ್ಷಮಿಸಿಬಿಡುತ್ತಾಳೆ. ನಾನಿರುವಾಗಲೇ ಕೊಡಿ. ಅವಳು ಏನಾದರೂ ಅನ್ನಲಿ, ನಾನು ಕೂತು ಕೇಳಿಸಿಕೊಳ್ಳುತ್ತೇನೆ.