ಗೋಪಿನಾಥಂಗೆ ಬಾಗಿನ, ಲೀಟರಿಗೆ ಅರವತ್ತು

ಗೌರಿ ಹಬ್ಬದ ಹಿಂದಿನ ದಿನ, ಬೆಳಕು ಹರಿಯುವ ಹೊತ್ತಿಗೆ ನಾನು ನಮ್ಮೂರು ಮಾಂಬಳ್ಳಿಯಿಂದ ಬಂದು ಕೊಳ್ಳೇಗಾಲದ ಪೆಟ್ರೋಲ್ ಬಂಕಿನಲ್ಲಿದ್ದೆ. ನನ್ನ ಬೈಕಿನ ಟ್ಯಾಂಕಿಗೆ ಬಾಯಿಯವರೆಗೆ ಪೆಟ್ರೋಲ್ ಬಿತ್ತು. ನನ್ನ ಹೆಂಡತಿ ಮಂಜುಳಾಳ ತಮ್ಮ, ಕೊಳ್ಳೇಗಾಲದಲ್ಲೇ ಇರುವ ನಾಗರಾಜ ಬಗ್ಗಿ ನೋಡಿ, "ಇನ್ನೊಂಚೂರು ಉಯ್ಯಪ್ಪಾ, ಆಮೇಲೆ ನಮ್ಮ ಬಾವ ತಕರಾರು ತಗೀತಾರೆ" ಎಂದ. ಇನ್ನೊಂದು ಚೂರು ಬಿದ್ದು, ಚೆಲ್ಲಿ, ನನ್ನ ಪ್ಯಾಂಟಿಗೂ ಸಿಕ್ಕಿತು.

ವಿಷಯ ಇಷ್ಟೆ. ಪೆಟ್ರೋಲ್ ಲೀಟರಿಗೆ ನೂರು ದಾಟಿದಾಗಿನಿಂದ ನಮ್ಮ ಮನೆಯಲ್ಲಿ ನನ್ನ ಹಳೆಯ ಬೈಕಿಗೆ ಮರ್ಯಾದೆ ಇಲ್ಲ. ನಾಗರಾಜ ಬ್ಯಾಟರಿ ಸ್ಕೂಟರ್ ತಗೊಂಡ ಮೇಲಂತೂ ಅದನ್ನು ಮಾರಿಸುವುದೇ ಅವನ ಕಸುಬಾಗಿತ್ತು. ನಾನು ಒಂದು ದಿನ ರೇಗಿ, "ಇವತ್ತಿಗೂ ಲೀಟರಿಗೆ ಅರವತ್ತು ಕೊಡುತ್ತದೆ" ಎಂದುಬಿಟ್ಟೆ. ಬಾಯಿಂದ ಬಿದ್ದ ಮಾತನ್ನು ಅಕ್ಕ ತಮ್ಮ ಇಬ್ಬರೂ ಹಿಡಿದುಕೊಂಡರು. ನನ್ನ ತಂಗಿ ಭಾಗ್ಯಳಿಗೆ ಬಾಗಿನ ಕೊಡಲು ಗೋಪಿನಾಥಂಗೆ ಹೋಗಿ ಬರಬೇಕು. ವಾಪಸು ಬಂದು ಇದೇ ಬಂಕಿನಲ್ಲಿ ಮತ್ತೆ ಬಾಯಿಯವರೆಗೆ ತುಂಬಿಸಬೇಕು. ಅರವತ್ತು ಬರದಿದ್ದರೆ ಬೈಕನ್ನು ಮಾರಬೇಕು.

"ದಾರೀಲಿ ಬಾಟ್ಲು ಪೆಟ್ರೋಲ್ ತಕಂಡು ಉಯ್ಕಬ್ಯಾಡಿ ಬಾವಾ" ಎಂದ ನಾಗರಾಜ. "ಗಾಡಿ ಮೇಲೆ ಗೌರಮ್ಮನ ಬಾಗಿನ ಅದೆ."

ಬಾಗಿನವೇ ನನ್ನ ಮೊದಲ ಚಿಂತೆಯಾಯಿತು. ಅರಿಶಿನ, ಕುಂಕುಮ, ಬಳೆ, ರವಿಕೆ ಬಟ್ಟೆ, ತೆಂಗಿನಕಾಯಿ ಎಲ್ಲ ಇಟ್ಟು ಮೇಲೊಂದು ಮೊರ ಮುಚ್ಚಿದ ಜೋಡಿ ಮೊರವನ್ನು ಮಂಜುಳಾ ಹಿಂದಿನ ಸೀಟಿಗೆ ನಿಲ್ಲಿಸಿ ಕಟ್ಟಿದ್ದಳು. ಕೊಳ್ಳೇಗಾಲ ದಾಟಿದೊಡನೆ ಅದು ಗಾಳಿಗೆ ಅಡ್ಡ ನಿಂತು ಬೈಕನ್ನು ಹಿಂದಕ್ಕೆ ಎಳೆಯುತ್ತಿರುವಂತೆ ಅನಿಸಿತು. ಇಳಿದು ಬಿಚ್ಚಿ, ಮಲಗಿಸಿ ಕಟ್ಟಿದೆ. ಯಳಂದೂರಿನ ಮೆಕ್ಯಾನಿಕ್ ಹಿಂದಿನ ದಿನವಷ್ಟೇ ಕಾರ್ಬುರೇಟರ್ ತೊಳೆದು, ಟೈರಿಗೆ ಗಾಳಿ ತುಂಬಿ, "ನಲವತ್ತು ದಾಟ್ಬೇಡಿ ಸಾ" ಎಂದು ಹೇಳಿ ಕಳಿಸಿದ್ದ. ಹನೂರಿನವರೆಗಿನ ಇಪ್ಪತ್ತೈದು ಕಿಲೋಮೀಟರ್ ಸ್ಪೀಡೋಮೀಟರಿನ ಮುಳ್ಳನ್ನು ನಲವತ್ತರಿಂದ ಕದಲಿಸಲಿಲ್ಲ.

ಹನೂರಿನಲ್ಲಿ ಇಡ್ಲಿ ತಿಂದು ಟೀ ಕುಡಿದೆ. ಹೋಟೆಲಿನವನು ಬಾಗಿನ ನೋಡಿ, "ಎಲ್ಲಿಗ್ ಸಾ?" ಎಂದ.

"ಗೋಪಿನಾಥಂ. ನಲವತ್ತರಲ್ಲೇ ಹೋಗ್ತಿದೀನಿ, ಪೆಟ್ರೋಲ್ ಉಳಿಯುತ್ತೆ."

"ಉಳಿತದೆ ಬುಡಿ ಸಾ. ನೀವ್ ಓಗೋ ಒತ್ಗೆ ಅಬ್ಬ ಮುಗ್ದೋಗಿರ್ತದೆ!"

ಅಜ್ಜೀಪುರ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಮುಸುಕಿನ ಜೋಳ ಆಳೆತ್ತರ ನಿಂತಿತ್ತು. ಮೋಡ ಮುಚ್ಚಿ ತಂಪಾಗಿತ್ತು. ನನ್ನ ನೆಮ್ಮದಿ ಕೆಡಿಸಿದ್ದು ಹಿಂದಿನಿಂದ ಬಂದ ಒಂದು ಟ್ರ್ಯಾಕ್ಟರ್. ಅದು ಇಳಿಜಾರಿನಲ್ಲಿ ನನ್ನನ್ನು ದಾಟಿ ಮುಂದೆ ಹೋಯಿತು. ಟ್ರೈಲರಿನಲ್ಲಿ ಕೂತಿದ್ದ ಹೆಂಗಸರಲ್ಲಿ ಒಬ್ಬಾಕೆ, "ಅಣ್ಣೋ, ಗಾಡಿ ಕೆಟ್ಟೋಗಿದ್ರೆ ಅಗ್ಗ ಆಕಿ ಎಳಿತೀವಿ, ಬಾ!" ಎಂದು ಕೂಗಿದಳು. ಉಳಿದವರು ನಕ್ಕ ಸದ್ದು ತಿರುವಿನಾಚೆಗೂ ಕೇಳುತ್ತಿತ್ತು.

ಮಾದಪ್ಪನ ಬೆಟ್ಟದ ಏರಿನಲ್ಲಿ ಬೈಕು ಎರಡನೇ ಗೇರಿಗೆ ಬಂದು ಗೊಣಗಿತು. ಒಂದೊಂದು ತಿರುವಿನಲ್ಲೂ ಒಂದೊಂದು ಲೋಟ ಪೆಟ್ರೋಲ್ ಇಳಿಯುತ್ತಿರುವುದು ನನ್ನ ಕಿವಿಗೆ ಕೇಳುತ್ತಿತ್ತು. ಬೆಟ್ಟದಾಚೆ ಪಾಲಾರ್ ಕಡೆಗೆ ಉದ್ದಕ್ಕೂ ಇಳಿಜಾರು. ಕಳೆದುಕೊಂಡದ್ದನ್ನು ಅಲ್ಲಿ ಗಳಿಸೋಣವೆಂದು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟೆ. ಕಾಡು ಒಮ್ಮೆಲೇ ನಿಶ್ಶಬ್ದವಾಯಿತು. ಆಗ ಹೊಸ ಚಿಂತೆ ಹುಟ್ಟಿತು. ಎಂಜಿನ್ ಆಫ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ನಿಜ, ನಾನು ಬರುವ ಸದ್ದು ಕೇಳದೆ ಆನೆ ರಸ್ತೆಯಲ್ಲೇ ನಿಂತಿದ್ದರೆ ನಾನು ಉಳಿಯುವುದಿಲ್ಲ. ತಿರುವು ತಿರುವಿಗೂ ಹಾರ್ನ್ ಒತ್ತಿದೆ. ನಾಲ್ಕನೇ ತಿರುವಿನಲ್ಲಿ ಬ್ರೇಕು ಸುಟ್ಟ ವಾಸನೆ ಬಂತು. ಹೆದರಿ ಮತ್ತೆ ಎಂಜಿನ್ ಹಾಕಿದೆ. ಕಾಣಿಸಿದ್ದು ಕೋತಿಗಳು ಮಾತ್ರ.

ಪಾಲಾರ್ ಹತ್ತಿರ ಮರದಡಿ ಒಬ್ಬ ಮುದುಕಿ ಮೂಟೆ ಇಟ್ಟುಕೊಂಡು ಕೈ ಅಡ್ಡ ಹಾಕಿದಳು. ಈ ದಾರಿಯಲ್ಲಿ ಬಸ್ಸು ಅಪರೂಪ. ಹಿಂದೆ ಜಾಗವಿದ್ದೂ ಹಾಗೇ ಮುಂದೆ ಹೋದವರನ್ನು ಊರು ಮರೆಯುವುದಿಲ್ಲ. ನಿಲ್ಲಿಸಿದೆ, ಕಣ್ಣು ಮಾತ್ರ ಮೂಟೆಯ ಮೇಲಿತ್ತು.

"ಏನಮ್ಮಾ ಇದ್ರಲ್ಲಿ? ಭಾರವಾ?"

"ಅಕ್ಕಿ ತಂಬಿ, ಅಬ್ಬಕ್ಕೆ. ನಾನೇನು ಭಾರ ಇಲ್ಲ, ಎಲುಂಬು ಅಷ್ಟೆ, ಬರೀ ಮೂಳೆ."

ಬಾಗಿನ ಅವಳ ಮಡಿಲಿಗೆ, ಮೂಟೆ ನನ್ನ ಮುಂದೆ ಟ್ಯಾಂಕಿನ ಮೇಲೆ. ಗೋಪಿನಾಥಂವರೆಗೂ ಅವಳು ಹಿಂದಿನಿಂದ, "ಏನ್ ತಂಬಿ, ಇಷ್ಟು ಮೆಲ್ಲ? ನಡ್ಕೊಂಡೇ ಬರ್ತಿದ್ನಲ್ಲ" ಎನ್ನುತ್ತಲೇ ಇದ್ದಳು.

ಭಾಗ್ಯ ಬಾಗಿಲಲ್ಲೇ ನಿಂತಿದ್ದಳು. ಅವಳ ಗಂಡ ಕಾಡಿನ ಕೆಲಸಕ್ಕೆ ಹೋಗಿದ್ದ. ಬಾಗಿನ ಕೊಟ್ಟೆ, ಕಣ್ಣಿಗೊತ್ತಿಕೊಂಡು ಒಳಗಿಟ್ಟಳು. ಬಿಸಿ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದಳು. ಉಣ್ಣುತ್ತಾ ಪಂದ್ಯದ ಕಥೆ ಪೂರ್ತಿ ಹೇಳಿದೆ: ಏರು, ಬ್ರೇಕು, ಮುದುಕಿ, ಮೂಟೆ.

"ಬ್ಯಾಟ್ರಿ ಗಾಡಿ ಇಲ್ಲಿಗಂಟ ಬಂದದಾ ಅಣ್ಣಾ?" ಎಂದಳು.

"ಬರಬಹುದು. ವಾಪಸು ಹೋಗೋದು ಕಷ್ಟ."

"ಅಂಗಾರೆ ನೀ ಬಸ್ಸಿಗ್ ಬರ್ಬೇಕು. ಬಸ್ಸಿಗ್ ಬರೋನಾಗಿದ್ರೆ ಓದ ವರ್ಸ ಯಾಕ್ ಬರ್ನಿಲ್ಲ?"

ಹೋದ ವರ್ಷ ಬೈಕು ರಿಪೇರಿಯಲ್ಲಿತ್ತು. ಬಾಗಿನವನ್ನು ಯಾರ ಕೈಯಲ್ಲೋ ಕಳಿಸಿದ್ದೆ. ನಾನು ಇನ್ನೊಂದು ತುತ್ತು ಮುದ್ದೆ ನುಂಗಿದೆ. ಆಮೇಲೆ ಬೀಗದಕೈಯನ್ನು ಮೊಳೆಗೆ ನೇತುಹಾಕಿ, ಜಗಲಿಯಲ್ಲಿ ಒಂದು ನಿದ್ದೆ ತೆಗೆದೆ.

ಮಧ್ಯಾಹ್ನ ಹೊರಟು, ಅದೇ ಏರು, ಅದೇ ಇಳಿವು, ಹನೂರಿನ ಬಳಿ ನಾಲ್ಕು ಹನಿ ಮಳೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಬೈಕಿಗೆ ವಿದಾಯ ಹೇಳುತ್ತಲೇ ಬಂದೆ.

ಹೊತ್ತು ಮುಳುಗುವ ಮೊದಲು ಕೊಳ್ಳೇಗಾಲದ ಬಂಕು ಸೇರಿದಾಗ ನಾಗರಾಜ ಸ್ಕೂಟರಿಗೆ ಒರಗಿ ನಿಂತಿದ್ದ. ಹಬ್ಬದ ಹೂವಿಗೆಂದು ಪೇಟೆಗೆ ಬಂದಿದ್ದ ಮಂಜುಳಾ ಕೂಡ ಇದ್ದಳು. ಹೋಗಿ ಬಂದ ದೂರ ಇನ್ನೂರ ಮೂವತ್ತು ಕಿಲೋಮೀಟರ್. ಪೆಟ್ರೋಲ್ ಬಿಡತೊಡಗಿದರು. ನಾನು ಬೇರೆ ಕಡೆ ನೋಡಿದೆ. ಎರಡೂವರೆ ಲೀಟರಿಗೇ ಟ್ಯಾಂಕು ತುಂಬಿ ಚೆಲ್ಲಿತು.

ನಾಗರಾಜ ಮೊಬೈಲಿನಲ್ಲಿ ಲೆಕ್ಕ ಹಾಕಿದ. ಅಳಿಸಿ ಮತ್ತೆ ಹಾಕಿದ. "ತೊಂಬತ್ತೆರಡು! ಬಾವಾ, ಗಾಡಿ ಓಡ್ಸ್ಕಂಡ್ ಬಂದ್ರಾ, ತಳ್ಕಂಡ್ ಬಂದ್ರಾ?"

"ಓಡಿಸೋದಕ್ಕೂ ಒಂದು ರೀತಿ ಇದೆ ಕಣಪ್ಪಾ" ಎಂದೆ. ಯಾಕೋ ನನಗೇ ನಂಬಿಕೆ ಬರಲಿಲ್ಲ.

ಅಷ್ಟರಲ್ಲಿ ಫೋನ್ ಬಂತು. ನನ್ನ ಫೋನು ಸ್ಪೀಕರ್ ಹಾಕದೆ ಕೇಳುವುದಿಲ್ಲ. "ಅಣ್ಣಾ, ಗೆದ್ಯಾ?" ಭಾಗ್ಯಳ ದನಿ ಬಂಕಿಗೆಲ್ಲ ಕೇಳಿತು. "ನೀ ಮಲ್ಗಿದ್ದಾಗ ಎರಡು ಬಾಟ್ಲು ಪೆಟ್ರೋಲ್ ಉಯ್ದಿದ್ದೆ. ಸಾಕಾಯ್ತಾ?"

ನಾಗರಾಜ ತೊಡೆ ತಟ್ಟಿ ನಕ್ಕ. "ಎರಡು ಲೀಟ್ರು ಸೇರ್ಸಿದ್ರೆ ಐವತ್ತೊಂದು! ಸೋತ್ರಿ ಬಾವಾ. ಅಕ್ಕಾ, ಗಾಡಿ ಮಾರ್ಸು."

ನಾನು ಬೀಗದಕೈ ಕಿತ್ತು ಮಂಜುಳಾಳ ಕೈಗೆ ಕೊಟ್ಟೆ. ಅವಳು ಅದನ್ನು ನೋಡಿದಳು, ಟ್ಯಾಂಕು ನೋಡಿದಳು.

"ಬಾಗಿನ ಇಸ್ಕಂಡು ಹೆಣ್ಮಗಳು ತುಂಬ್ಸಿ ಕಳ್ಸವ್ಳೆ. ಅಂಥ ಗಾಡಿ ಮಾರಕ್ಕಾಯ್ತದಾ? ಮುಂದಿನ್ ಗೌರಿ ಗಂಟ ಇರ್ಲಿ."

"ಅಕ್ಕಾ, ಪಂದ್ಯ ಅಂದ್ರೆ ಪಂದ್ಯ..."

"ನೀ ಸುಮ್ಕಿರ್ಲಾ. ಇವ್ರು ಗೋಪಿನಾಥಂಗೆ ಓಗಿ ಬಂದ್ರು. ಕೊಳ್ಳೇಗಾಲದಿಂದ ಮಾಂಬಳ್ಳಿಗೆ ನನ್ ಬಾಗಿನ ಎಲ್ಲಿ?"

ನಾಗರಾಜನ ನಗು ನಿಂತಿತು. ಪಂದ್ಯದ ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದ. ಓಡಿ ಪೇಟೆಗೆ ಹೋದ. ಜೋಡಿ ಮೊರದೊಂದಿಗೆ ಬಂದವನಿಗೆ, "ಇಲ್ಲಿ ಬ್ಯಾಡ, ಮನೇಗ್ ತಂದ್ಕೊಡು" ಎಂದು ಹೇಳಿ, ಬೀಗದಕೈ ನನಗೆ ವಾಪಸು ಕೊಟ್ಟು, ಮಂಜುಳಾ ನನ್ನ ಹಿಂದೆ ಕೂತಳು.

ಮಾಂಬಳ್ಳಿ ದಾರಿಯಲ್ಲಿ ಕನ್ನಡಿ ನೋಡಿದೆ. ಹಿಂದೆ ಬರುತ್ತಿದ್ದ ನಾಗರಾಜ ಮೊರವನ್ನು ನಿಲ್ಲಿಸಿಯೇ ಕಟ್ಟಿದ್ದ. ದಿನವಿಡೀ ಓಡಾಡಿ ಚಾರ್ಜ್ ಇಳಿದ ಸ್ಕೂಟರು ಎದುರು ಗಾಳಿಗೆ ತಿಣುಕುತ್ತಾ ಸಣ್ಣದಾಗುತ್ತಿತ್ತು. ಮಲಗಿಸಿ ಕಟ್ಟು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಬೆಳಗಿನಿಂದ ನಲವತ್ತು ದಾಟದ ಮುಳ್ಳನ್ನು ನಿಧಾನವಾಗಿ ಅರವತ್ತಕ್ಕೆ ಏರಿಸಿದೆ.