ದಾರಿ ಯಾರನ್ನು ಕೇಳಬೇಕು

ಹೊರಡುವ ಹಿಂದಿನ ದಿನ ನಾಸಿಕದ ನಮ್ಮ ಮನೆಯ ಮಂಚದ ಮೇಲೆ ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿತ್ತು. ಅವ್ವ ಅದರೊಳಗೆ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತುಂಬುತ್ತ ಹೋದಂತೆ ನಾನು ಒಂದೊಂದೇ ಬಟ್ಟೆ ಹೊರಗೆ ತೆಗೆಯುತ್ತಿದ್ದೆ. ನಲವತ್ತೆಂಟರ ವಯಸ್ಸಿಗೆ ಮೊದಲ ವಿದೇಶ ಪ್ರಯಾಣ, ಅದೂ ಒಬ್ಬಳೇ, ಅದೂ ಹೆಸರು ಹೇಳಲು ನಾಲಿಗೆಯೇ ಹೊರಳದ ಚೀನಾದ ಒಂದು ಊರಿಗೆ. ನಮ್ಮ ಕಾರ್ಖಾನೆ ಕೊಳ್ಳಲಿದ್ದ ಯಂತ್ರವನ್ನು ಪರೀಕ್ಷಿಸಿ ಬರುವುದು ನನ್ನ ಕೆಲಸ. ಆ ಕೆಲಸದ ಅಳುಕು ನನಗಿರಲಿಲ್ಲ. ಲೋಹದ ತಪ್ಪು ಅಳತೆಗೆ ಸಿಗುತ್ತದೆ. ಮನುಷ್ಯರನ್ನು ಅಳೆಯುವುದು ಹೇಗೆ, ನೀವೇ ಹೇಳಿ.

ಸಂಭಾಜಿನಗರದ ನಮ್ಮ ಇನ್ನೊಂದು ಕಾರ್ಖಾನೆಯಲ್ಲಿ ಕಲಬುರಗಿ ಕಡೆಯ ಶರಣಪ್ಪನವರೆಂಬ ಹಿರಿಯ ಫಿಟ್ಟರ್ ಇದ್ದಾರೆ. ಎರಡು ಸಲ ಚೀನಾಕ್ಕೆ ಹೋಗಿ ಬಂದವರು. ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: “ಹೋಟೆಲಿನ ಹೆಸರು ಅವರ ಲಿಪಿಯೊಳಗ ಬರಸ್ಕೊಂಡು ಹತ್ರ ಇಟ್ಕೋರಿ, ಮೇಡಂ. ತಾವಾಗೇ ಬಂದು ಚಹಾಕ್ಕ ಕರದವರ ಹಿಂದ ಹೋಗಬ್ಯಾಡ್ರಿ. ನಾ ಹೋಗಿ, ಒಂದು ಕಪ್ ಚಹಾಕ್ಕ ಸಾವಿರಗಟ್ಟಲೆ ಬಿಲ್ ಕೊಟ್ಟು ಮೋಸ ಹೋಗೀನಿ, ಅದಕ್ಕ ಹೇಳಾಕತ್ತೀನಿ.”

ಎರಡನೆಯ ದಿನ ಸಂಜೆ, ಕೆಲಸ ಬೇಗ ಮುಗಿದ ಹುರುಪಿನಲ್ಲಿ ಪೇಟೆ ನೋಡಲು ಹೋದವಳು ಮರಳುವಾಗ ಮೆಟ್ರೊ ನಿಲ್ದಾಣದ ಬೇರೆ ಬಾಗಿಲಿನಿಂದ ಹೊರಬಿದ್ದೆ. ಬೀದಿ ಗುರುತಾಗಲಿಲ್ಲ. ಫೋನು ಆರಿಹೋಗಿತ್ತು. ಸುತ್ತಲಿನ ಫಲಕಗಳಲ್ಲಿ ನನಗೆ ಓದಲು ಬರುವ ಒಂದಕ್ಷರವಿರಲಿಲ್ಲ. ಅಕ್ಷರಸ್ಥಳೆಂಬ ನನ್ನ ಹಮ್ಮು ಅಲ್ಲೇ ಕರಗಿತು. ಆಗಲೇ ನಗುನಗುತ್ತ ಬಂದ ತರುಣ ತರುಣಿಯರಿಬ್ಬರು ಸೊಗಸಾದ ಇಂಗ್ಲಿಷಿನಲ್ಲಿ, ಇಲ್ಲೇ ಚಹಾ ಕುಡಿದು ಹೋಗೋಣ, ಆಮೇಲೆ ನಿಮ್ಮನ್ನು ಹೋಟೆಲಿಗೆ ಮುಟ್ಟಿಸುತ್ತೇವೆ ಎಂದರು. ಎಲ್ಲ ಗೊತ್ತಿದ್ದೂ ನಾಲ್ಕು ಹೆಜ್ಜೆ ಅವರ ಹಿಂದೆ ಹೋದೆ. ಒಂಟಿತನ ಅಷ್ಟು ಬೇಗ ಬುದ್ಧಿಯನ್ನು ಮಂಕಾಗಿಸುತ್ತದೆ. ಅವರು ಕಿರುಗಲ್ಲಿಯೊಂದಕ್ಕೆ ತಿರುಗಿದಾಗ ನಿಂತುಬಿಟ್ಟೆ. ಹುಡುಗಿ ತೋಳು ಹಿಡಿದಳು. ಬಿಡಿಸಿಕೊಂಡು, ದೀಪ ಹತ್ತಿದ್ದ ಅಂಗಡಿಗಳ ಸಾಲಿಗೆ ದಾಟಿದೆ. ಅವರು ನಿಜಕ್ಕೂ ಒಳ್ಳೆಯವರೇ ಆಗಿದ್ದರೋ ಏನೋ. ಅದು ನನಗೆ ಎಂದೂ ತಿಳಿಯುವುದಿಲ್ಲ, ಆ ಕೊರಗು ಇಂದಿಗೂ ಇದೆ.

ಆದರೆ ಯಾರನ್ನಾದರೂ ಕೇಳಲೇಬೇಕಿತ್ತು. ಈ ಸಲ ಆರಿಸುವವಳು ನಾನು ಎಂದುಕೊಂಡು ಒಂದೊಂದೇ ಅಂಗಡಿಯೊಳಗೆ ಇಣುಕಿದೆ. ನನ್ನತ್ತ ನೋಡದೆ ತನ್ನ ಪಾಡಿಗೆ ಪ್ಯಾಂಟಿನ ಅಂಚು ಹೊಲಿಯುತ್ತಿದ್ದ ನಡುವಯಸ್ಸಿನ ಹೆಂಗಸೊಬ್ಬಳು ಕಂಡಳು. ಒಳಗೆ ಹೋದೆ. ಕಲಿತ ಇಂಗ್ಲಿಷೆಲ್ಲ ಮರೆತು, “ಅಕ್ಕಾ, ಈ ಹೋಟೆಲ್ ಎಲ್ಲಿ ಬರತೈತ್ರಿ?” ಎನ್ನುತ್ತ ಹೋಟೆಲಿನವರಿಂದ ಬರೆಸಿಕೊಂಡಿದ್ದ ಚೀಟಿ ಚಾಚಿದೆ. ಆಕೆ ಕನ್ನಡಕ ಮೂಗಿಗೇರಿಸಿ ಓದಿದಳು. ಸ್ಟೂಲು ಸರಿಸಿ ಬಿಸಿನೀರು ಕೊಟ್ಟಳು. ನಾನು ಕುಡಿದು ಮುಗಿಸುವಷ್ಟರಲ್ಲಿ ಯಂತ್ರಕ್ಕೆ ಬಟ್ಟೆ ಹೊದಿಸಿ, ಅಂಗಡಿಗೆ ಬೀಗ ಹಾಕಿ ಮುಂದೆ ನಡೆದಳು. ಜನರಿದ್ದ ದೊಡ್ಡ ಬೀದಿಯಲ್ಲೇ ಕರೆದೊಯ್ದಳು. ಎರಡು ಬೀದಿಯಾಚೆ ಹೋಟೆಲಿತ್ತು. ನಾನು ಕೈ ಮುಗಿದೆ. ಆಕೆ ಒಳಗೆ ಹೋಗೆಂದು ಗದರಿಸುವಂತೆ ಕೈಬೀಸಿ, ನಾನು ಲಿಫ್ಟು ಹತ್ತುವವರೆಗೂ ಗಾಜಿನಾಚೆ ನಿಂತಿದ್ದಳು.

ಎಚ್ಚರವೆಂದರೆ ಎಲ್ಲರಿಗೂ ಬಾಗಿಲು ಹಾಕಿಕೊಳ್ಳುವುದು ಎಂದು ತಿಳಿದಿದ್ದೆ. ಯಾವ ಬಾಗಿಲು ತಟ್ಟಬೇಕೆಂದು ನಿಂತು ನೋಡುವ ವ್ಯವಧಾನವೂ ಎಚ್ಚರವೇ ಎಂದು ಅಂದು ಹೊಳೆಯಿತು.

ರಾತ್ರಿ ಊಟವಾದ ಮೇಲೆ ನಮ್ಮ ಮನೆಯವರ ಫೋನು ಬಂತು. ಎಲ್ಲ ಕೇಳಿ, “ನಾಳಿಂದ ಕೆಲಸ ಮುಗದ ಮ್ಯಾಲೆ ರೂಮ್‌ನ್ಯಾಗೇ ಇರು” ಎಂದರು.

“ಇಲ್ರಿ, ಹೋಗ್ತೀನಿ. ಬೆಳಕಿದ್ದಾಗ ಹೋಗಿ ಬೆಳಕಿದ್ದಾಗ ಬರ್ತೀನಿ.”

ಅಲ್ಲಿ ಎಷ್ಟು ಗಂಟೆಗೆ ಕತ್ತಲಾಗುತ್ತದೆಂದು ಕೇಳಿದರು. ಆಮೇಲೆ, “ಹೋಗಿ ಬಾ. ಬಂದ ಮ್ಯಾಲೆ ಫೋನ್ ಹಚ್ಚು” ಎಂದರು.

ಮರುದಿನ ಹೋದೆ.